ನೀರು ನೋಡುವ ಕಾಲು

ದಾಂಡೇಲಿಗೆ ಬರುವ ಪ್ರವಾಸಿಗರಿಗೆ ಬೆಳಗಾಗುವಷ್ಟರಲ್ಲಿ ಕಾರು ಫಳಫಳ ಹೊಳೆಯುತ್ತಿರಬೇಕು. ಹಿಂದಿನ ಸಂಜೆ ಅದೇ ಕಾರು ಕಾಡಿನ ಕೆಂಪು ಧೂಳಿನಲ್ಲಿ ಹೊರಳಾಡಿ ಬಂದಿರುತ್ತದೆ, ಹಿಂದಿನ ಸೀಟಿನಲ್ಲಿ ಯಾರದೋ ಮಗು ಕಕ್ಕಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಹೋಮ್‌ಸ್ಟೇ ಮಾಲೀಕರು ಬೋರಿನ ನೀರು ಮುಟ್ಟಗೊಡುವುದಿಲ್ಲ, ಅದು ಗೆಸ್ಟುಗಳ ಸ್ನಾನಕ್ಕಂತೆ. ಊರಿನ ವಾಶಿಂಗ್ ಸೆಂಟರಿನವರು ಬಾಗಿಲು ತೆಗೆಯುವಷ್ಟರಲ್ಲಿ ಗೆಸ್ಟುಗಳು ಸಫಾರಿ ಮುಗಿಸಿ, ತಿಂಡಿ ತಿಂದು, ಮತ್ತೆ ಮಲಗಿರುತ್ತಾರೆ. ಹಾಗಾಗಿ ಡ್ರೈವರುಗಳಿಗೆ ಕಾಳಿ ಹೊಳೆಯೇ ಗತಿ. ಹಲ್ಲು ಕಟಕಟ ಅನ್ನುವ ಚಳಿಯಲ್ಲಿ, ಬೆಳಕು ಹರಿಯುವ ಮೊದಲೇ, ಕೋಗಿಲಬನದ ಕಡೆಯ ನಮ್ಮ ದಂಡೆಗೆ ಬಂದು ಕಾರನ್ನು ನೀರಿಗೆ ಇಳಿಸಿ ಕೈಯಿಂದ ತಿಕ್ಕಿ ತೊಳೆಯುತ್ತಾರೆ.

ನಾನು ಇಮಾಮಬಿ. ಆ ದಂಡೆಯ ಮೇಲೆ ನನ್ನದೊಂದು ಚಹಾದಂಗಡಿ. ಅಂಗಡಿ ಅಂದರೆ ತಗಡಿನ ಮಾಡು, ಎರಡು ಬೆಂಚು, ಒಂದು ಒಲೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಾಚಿಯ ಚಹಾ ಹೆಚ್ಚು ಬಿಸಿಯೋ ಮಾತು ಹೆಚ್ಚು ಬಿಸಿಯೋ ಎಂದು ಡ್ರೈವರುಗಳು ಕಿಚಾಯಿಸುತ್ತಾರೆ. ಕಿಚಾಯಿಸಲಿ. ಬೈಯದಿದ್ದರೆ ಆ ಗಂಡಸರಲ್ಲಿ ಒಬ್ಬನೂ ಕುಡಿದ ಲೋಟ ತಂದು ಇಡುವವನಲ್ಲ.

ಹೊಳೆಯಲ್ಲಿ ನಿಂತು ಕಾರು ತೊಳೆಯುವುದು ನೋಡಿದಷ್ಟು ಹಗುರದ ಕೆಲಸವಲ್ಲ. ಮೊದಲು ಕಾಲಿಟ್ಟಾಗ ನೀರು ಬೆಚ್ಚಗಿದೆ ಅನ್ನಿಸುತ್ತದೆ. ಹೊರಗಿನ ಗಾಳಿ ಅಷ್ಟು ಕೊರೆಯುತ್ತಿರುತ್ತದೆ, ಅದಕ್ಕೆ. ಸ್ವಲ್ಪ ಹೊತ್ತಿಗೆ ಮೀನಖಂಡ ಸೆಳೆಯುತ್ತದೆ. ಆಮೇಲೆ ಕಾಲ್ಬೆರಳು ನೋಯಲು ಶುರುವಾಗುತ್ತದೆ, ಎಂಥ ಗಟ್ಟಿ ಗಂಡಸೂ ಅವ್ವನನ್ನು ನೆನೆಯುವಂಥ ನೋವು. ಆ ನೋವೂ ಹೋದ ಮೇಲೆ ಕಾಲು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಶಾಂಪೂ ನೀರಿನ ಅರಿವೆ ಹಿಡಿದ ಕೈಬೆರಳು ಬಿಡಿಸಲು ಬಾರದೆ, ಮುಷ್ಟಿ ಹಾಗೇ ಹಿಡಿದುಕೊಂಡು ನನ್ನ ಒಲೆಯ ಮುಂದೆ ಬಂದು ಕೂರುತ್ತಾರೆ. ನಾನು ಬೈಯುತ್ತಲೇ ಬಿಸಿ ಲೋಟವನ್ನು ಆ ಮುಷ್ಟಿಯೊಳಗೆ ತುರುಕುತ್ತೇನೆ.

ಚಳಿಯದು ಒಂದು ಕಾಟವಾದರೆ ನೀರಿನದು ಇನ್ನೊಂದು. ಮೇಲೆ ಡ್ಯಾಮಿದೆ. ಕರೆಂಟು ಮಾಡಲು ಅಲ್ಲಿ ನೀರು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನಮ್ಮ ಹೊಳೆ ಏರುತ್ತದೆ. ಮೊಣಕಾಲ ನೀರು ನೋಡನೋಡುತ್ತಿದ್ದಂತೆ ಎದೆಗೆ ಬರುತ್ತದೆ. ಸೈರನ್ ಹೊಡೆಯುತ್ತಾರೆ, ಆದರೆ ನಮ್ಮ ದಂಡೆ ಗುಡ್ಡದ ತಿರುವಿನಲ್ಲಿದೆ. ಮಂಜು ಕವಿದ ದಿನ ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಇಲ್ಲಿ ಇಳಿಯಬೇಡಿ, ನೀರು ಯಾವಾಗ ಬೇಕಾದರೂ ಏರಬಹುದು ಎಂದು ದೊಡ್ಡ ಅಕ್ಷರದ ಬೋರ್ಡು ಹಾಕಿದ್ದಾರೆ. ನಮ್ಮ ಗಂಡಸರು ಅದರ ಮೇಲೆ ಅಂಗಿ, ಸ್ವೆಟರು ನೇತುಹಾಕುತ್ತಾರೆ.

ಬೋರ್ಡು ಓದುವ ದರ್ದು ಅವರಿಗೇನಿತ್ತು? ನನ್ನ ಗಂಡ ಉಸ್ಮಾನಸಾಬ ಇದ್ದರಲ್ಲ.

ನಮ್ಮವರು ವಯಸ್ಸಿನಲ್ಲಿ ಬಿದಿರು ಸಾಗಿಸುವ ಲಾರಿ ಓಡಿಸಿದವರು. ಆ ಲಾರಿಯನ್ನೂ ಇದೇ ದಂಡೆಯಲ್ಲಿ ತೊಳೆಯುತ್ತಿದ್ದರು. ಆಗಲೇ ಅವರು ಒಂದು ಸಂಗತಿ ಕಂಡುಕೊಂಡಿದ್ದರು. ಡ್ಯಾಮಿನ ತಳದಿಂದ ಬರುವ ನೀರು ಬಲು ತಣ್ಣಗಿರುತ್ತದೆ. ಹೊಳೆ ಏರುವ ಮುಂಚೆ ಆ ತಣ್ಣನೆಯ ನೀರಿನ ಒಂದು ಎಳೆ ತಳದಲ್ಲೇ ಹರಿದು ಬಂದು ಮೇಲಿನ ಕರಿಗಲ್ಲಿನ ಮಗ್ಗುಲಿಗೆ ತಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮುಟ್ಟಿದರೆ ಮಾತ್ರ ತಿಳಿಯುತ್ತದೆ. ಲಾರಿ ಬಿಟ್ಟ ಮೇಲೆ ಅವರು ದಿನಾ ಬೆಳಿಗ್ಗೆ ಆ ಕರಿಗಲ್ಲಿನ ಮೇಲೆ ಕೂತು, ಒಂದು ಕಾಲು ನೀರಿಗೆ ಇಳಿಬಿಟ್ಟುಕೊಂಡು ಇರುತ್ತಿದ್ದರು. ಆ ಎಳೆ ತಾಗಿತೋ, "ಬಂತ್ರಪೋ! ಏಳ್ರಿ!" ಎಂದು ಕೂಗುತ್ತಿದ್ದರು. ಕೂಗು ಬಿದ್ದ ಕೂಡಲೇ ಡ್ರೈವರುಗಳು ಬಕೀಟು ಒಳಗೆ ಒಗೆದು ಕಾರು ದಂಡೆಗೆ ಹತ್ತಿಸುತ್ತಿದ್ದರು. ಅದಕ್ಕೆ ಅವರು ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. "ಚಾಚಾ ಕುಂತಾರ" ಎಂದು ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿಕೊಂಡು ನಿಶ್ಚಿಂತೆಯಿಂದ ನೀರಿಗೆ ಇಳಿಯುತ್ತಿದ್ದರಲ್ಲ, ಆ ಮಾತೇ ಅವರಿಗೆ ಊಟವಾಗಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿದೆ. ಗುಳಿಗೆ ನುಂಗಿರೆಂದರೆ ನಾಳೆ ಅನ್ನುತ್ತಾರೆ, ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದರೆ ಮುಖ ಊದಿಸುತ್ತಾರೆ. ಮಳೆ ನಿಂತು ಚಳಿ ಶುರುವಾದ ಹೊಸದರಲ್ಲಿ ಒಂದು ಸಂಜೆ ಒಲೆಯ ಮುಂದೆ ಕಾಲು ಚಾಚಿಕೊಂಡು ಕೂತಿದ್ದರು. ಕೂತವರು ಮೂಗು ಅರಳಿಸಿ ನನ್ನ ಕಡೆ ತಿರುಗಿದರು.

"ಏನೋ ಸುಟ್ಟ ವಾಸನಿ ಬರಾಕತ್ತೈತಿ. ಹಾಲು ಉಕ್ಕತೇನ ನೋಡ."

ಹಾಲು ಉಕ್ಕಿರಲಿಲ್ಲ. ಒಲೆಯಿಂದ ಸಿಡಿದ ಕೆಂಡ ಅವರ ಹಿಮ್ಮಡಿಗೆ ಅಂಟಿಕೊಂಡು ಚರ್ಮ ಸುಡುತ್ತಿತ್ತು. ಯಾ ಅಲ್ಲಾ! ನಾನು ಓಡಿ ಹೋಗಿ ಕೈಯಿಂದಲೇ ಅದನ್ನು ಹೊಡೆದು ಕೆಡವಿದೆ. ನನ್ನ ಬೆರಳು ಸುಟ್ಟು ಬೊಬ್ಬೆ ಬಂತು. ಅವರು ಮಾತ್ರ ನಾನೇ ಏನೋ ಹುಚ್ಚಾಟ ಮಾಡಿದಂತೆ ನನ್ನನ್ನೇ ನೋಡುತ್ತಿದ್ದರು.

"ಹೊಳ್ಯಾಗ ನಿಂತು ನಿಂತು ಕಾಲು ಎಮ್ಮಿ ಚರ್ಮ ಆಗೈತಿ, ಅಷ್ಟ," ಅಂದರು.

"ಎಮ್ಮಿಗೂ ಸುಟ್ರ ತಿಳಿತೈತ್ರಿ," ಅಂದೆ ನಾನು.

ಮರುದಿನ ಅವರು ನಮಾಜು ಮುಗಿಸಿ ತಸ್ಬಿಯ ಮಣಿ ಎಣಿಸುತ್ತಾ ಕಣ್ಣು ಮುಚ್ಚಿ ಕೂತಾಗ, ಕೌದಿ ಹೊಲಿಯುವ ಸೂಜಿ ತಂದು ಅವರ ಅಂಗಾಲಿಗೆ ಮೆಲ್ಲಗೆ ಚುಚ್ಚಿದೆ. ಮಣಿಗಳು ಒಂದೊಂದೇ ಸರಿಯುತ್ತಿದ್ದವು. ಇನ್ನಷ್ಟು ಒತ್ತಿದೆ. ರಕ್ತದ ಹನಿ ಬಂತು, ಕಾಲು ಅಲುಗಲಿಲ್ಲ. ಇನ್ನೊಂದು ಕಾಲಿಗೂ ಚುಚ್ಚಿದೆ, ಅದೂ ಅಷ್ಟೇ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಇವತ್ತಿನಿಂದ ಆ ಕಲ್ಲಿನ ಮ್ಯಾಲೆ ಕುಂದರೂದು ಬ್ಯಾಡ್ರಿ," ಅಂದೆ. "ನಿಮ್ಮ ಕಾಲಿಗೆ ಏನೂ ತಿಳಿಯವಲ್ದು. ಯಾರದರೆ ಜೀವ ಹೋದೀತು."

ಅವರು ಅಂಗಾಲು ನೋಡಿಕೊಳ್ಳಲೂ ಇಲ್ಲ. "ದವಾಖಾನಿಗೆ ಕರಕೊಂಡು ಹೋಗತೀಯೇನ, ಬರ್ತೇನಿ. ಗುಳಗಿ ಕೊಡತೀಯೇನ, ನುಂಗತೇನಿ. ಕಲ್ಲಿನ ಸುದ್ದಿ ತಗೀಬ್ಯಾಡ. ಬೆಂಕಿ ಬ್ಯಾರೆ, ಸೂಜಿ ಬ್ಯಾರೆ. ಹೊಳಿ ನೀರು ನನಗ ತಿಳಿತೈತಿ." ಹೀಗೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಲಾರಿ ಹೋಗಿತ್ತು, ಕಣ್ಣು ಮಸುಕಾಗಿತ್ತು. ಅವರಿಗೆ ಉಳಿದದ್ದು ಅದೊಂದೇ ಕಲ್ಲು. ಅದು ನನಗೆ ತಿಳಿಯುತ್ತಿರಲಿಲ್ಲವೇ? ತಿಳಿಯುತ್ತಿತ್ತು. ಆದರೆ ನೀರಿಗೆ ಇಳಿಯುವವರಲ್ಲಿ ನನ್ನ ಮಗಳ ಗಂಡನೂ ಒಬ್ಬನಾಗಿದ್ದ.

ಫೈಜಾನ ನನ್ನ ಗಂಡನ ತಂಗಿಯ ಮಗ. ತಾಯಿತಂದೆ ಬೇಗ ತೀರಿಕೊಂಡ ಮೇಲೆ ಅವನೂ ಅವನ ತಮ್ಮ ಸಾಬೀರನೂ ನಮ್ಮ ಮನೆಯಲ್ಲೇ ಬೆಳೆದರು. ಸಾಬೀರ ಹಳಿಯಾಳದ ಗ್ಯಾರೇಜಿಗೆ ಹೋದ. ಫೈಜಾನ ಇಲ್ಲೇ ಒಂದು ಹೋಮ್‌ಸ್ಟೇಯ ಬಿಳಿ ಕಾರಿಗೆ ಡ್ರೈವರಾದ, ನಮ್ಮ ಸಮ್ರೀನಳನ್ನು ಮದುವೆಯಾದ, ಪಕ್ಕದ ಓಣಿಯಲ್ಲೇ ಮನೆ ಮಾಡಿದ. ಮೆತ್ತನೆಯ ಹುಡುಗ, ನಮ್ಮನ್ನು ಮಾಮು, ಮುಮಾನಿ ಎಂದೇ ಕರೆಯುತ್ತಿದ್ದ. ಅವನು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದವಳಲ್ಲ. ಲೋಟ ತಂದಿಡುತ್ತಿದ್ದವನು ಅವನೊಬ್ಬನೇ.

ಅವನನ್ನು ಅಂಗಡಿಯ ಹಿಂದೆ ಕರೆದು ಕೆಂಡದ ಕತೆ, ಸೂಜಿಯ ಕತೆ ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿದ.

"ಗೊತ್ತೈತಿ ಮುಮಾನಿ," ಅಂದ. "ಹೋದ ವಾರ ನೀರು ನನ್ನ ಮೊಣಕಾಲ ದಾಟಿದ ಮ್ಯಾಲೆ ಕೂಗಿದ್ರು."

"ಗೊತ್ತಿದ್ದೂ ಬಾಯಾಗ ಏನು ಅವಲಕ್ಕಿ ಇಟಗೊಂಡಿದ್ದೇನೋ?"

"ಹೆಂಗ ಹೇಳ್ಲಿ? ಅವರ ಮನ್ಯಾಗ ಉಂಡು ಬೆಳದಾಂವ, ಮ್ಯಾಲೆ ಅಳಿಯ. ನಾನ ನಿಂತು ಮಾಮು, ನಿಮ್ಮ ಕಾಲು ಸತ್ತೈತಿ ಅಂದ್ರ ಅವರು ಮತ್ತ ತಲಿ ಎತ್ತತಾರೇನು? ಕುಂದರ್ಲಿ ಬಿಡ್ರಿ. ನಾ ಒಂದು ಕೋಲು ನೆಡತೇನಿ. ಅದಕ್ಕ ಬಿಳಿ ಅರಬಿ ಕಟ್ಟತೇನಿ. ಅರಬಿಗೆ ನೀರು ಮುಟ್ಟತಂದ್ರ ನನಗ ತಿಳಿತೈತಿ. ಮಾಮುಗ ತಿಳಿಯೂದು ಬ್ಯಾಡ, ನಿಮ್ಮ ಕೈ ಮುಗಿತೇನಿ."

ಹೇಳಿದಂತೆಯೇ ಮಾಡಿದ. ದಿನಾ ಎಲ್ಲರಿಗಿಂತ ಮೊದಲು ಬಂದು ನೀರಿನ ಅಂಚಿಗೆ ಕೋಲು ನೆಡುತ್ತಿದ್ದ. ಕಾರು ತಿಕ್ಕುತ್ತಾ ಒಂದು ಕಣ್ಣು ಅದರ ಮೇಲೆ ಇಡುತ್ತಿದ್ದ. ಬಿಳಿ ಅರಿವೆಗೆ ನೀರು ತಾಗಿದರೆ ತಾನು ಕೂಗುತ್ತಿರಲಿಲ್ಲ, ಅದೇ ನೋಡಿ ಅವನ ಗುಣ. "ಮಾಮು, ನೀರು ಬಂತೇನ್ರಿ?" ಎಂದು ಕೇಳುತ್ತಿದ್ದ. ಆಗ ನಮ್ಮವರು ಕಾಲು ಅಲ್ಲಾಡಿಸಿ, ಬಗ್ಗಿ ನೋಡಿ, "ಬಂತ್ರಪೋ! ಏಳ್ರಿ!" ಎಂದು ದನಿ ಎತ್ತುತ್ತಿದ್ದರು. ಡ್ರೈವರುಗಳು ಎದ್ದು ಬರುತ್ತಿದ್ದರು. "ಚಾಚಾನ ಕಾಲು ಅಂದ್ರ ಕಾಲು," ಎಂದು ಬೆನ್ನು ತಟ್ಟುತ್ತಿದ್ದರು. ನಮ್ಮವರು ಅಂಗಡಿಗೆ ಬಂದು, ನೋಡಿದೆಯಾ ಎಂಬಂತೆ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸುಮ್ಮನೆ ಇರುವ ಜಾಯಮಾನ ನನ್ನದಲ್ಲ. ಒಂದು ದಿನ ವೀರೇಶನಿಗೆ ಹೇಳಿಯೇಬಿಟ್ಟೆ. ವೀರೇಶ ಹಳಿಯಾಳ ಕಡೆಯ ಹಳ್ಳಿಯವನು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುವ ನಗುಮುಖದ ಡ್ರೈವರು, ಫೈಜಾನನ ಜೀವದ ಗೆಳೆಯ.

"ನಿಮ್ಮ ಚಾಚಾನ ಕಾಲಿಗೆ ಏನೂ ತಿಳಿಯೂದಿಲ್ಲೋ ವೀರೇಶ. ಅವರನ್ನ ನಂಬಿ ನೀರಿಗೆ ಇಳೀಬ್ಯಾಡ್ರಿ."

ಅವನು ಚಹಾ ನೆತ್ತಿಗೇರುವಷ್ಟು ನಕ್ಕ. "ಚಾಚಿ, ನಿನ್ನೆ ಚಾಚಾಗ ಕಿವಿ ಕೇಳೂದಿಲ್ಲ ಅಂದ್ರಿ. ಮೊನ್ನೆ ತಲ್ಯಾಗ ಬುದ್ಧಿ ಇಲ್ಲ ಅಂದ್ರಿ. ಇವತ್ತ ಕಾಲಿನ ಪಾಳಿ ಬಂತೇನು?"

ಏನು ಹೇಳಲಿ? ದಿನಾ ಗಂಡನನ್ನು ಬೈಯುವವಳ ಮಾತು, ದಿನಾ ಬೊಗಳುವ ನಾಯಿಯ ಹಾಗೆ. ಕಳ್ಳ ಬಂದ ದಿನವೂ ಯಾರೂ ಏಳುವುದಿಲ್ಲ. ಸುಳ್ಳಲ್ಲೋ, ಅಲ್ಲಾನ ಆಣೆಗೂ ನಿಜ ಅಂದೆ. "ಆಯ್ತು ಬಿಡ್ರಿ ಚಾಚಿ, ನೋಡೂಣು," ಎಂದು ಇನ್ನೊಂದು ಬಿಸ್ಕಿಟ್ಟು ತೆಗೆದುಕೊಂಡು ಎದ್ದು ಹೋದ.

ಆಮೇಲೆ ಆ ಬೆಳಿಗ್ಗೆ ಬಂತು.

ಅಂಥ ಚಳಿಯನ್ನು ಈ ವರ್ಷ ಕಂಡಿರಲಿಲ್ಲ. ಕಟ್ಟಿಗೆ ಮಂಜಿಗೆ ತೊಯ್ದು ಒಲೆ ಹೊತ್ತಲಿಲ್ಲ, ಊದಿ ಊದಿ ನನ್ನ ಕಣ್ಣು ಕೆಂಪಾಯಿತು. ಹೊಳೆಯ ಮೇಲೆ ಮಂಜು ಎಷ್ಟು ಕವಿದಿತ್ತೆಂದರೆ ಬೋರ್ಡು ಕೂಡ ಕಾಣುತ್ತಿರಲಿಲ್ಲ. ಉಳಿದ ಡ್ರೈವರುಗಳು ಬಂದಿರಲಿಲ್ಲ. ಬಂದವರು ಇಬ್ಬರೇ, ಫೈಜಾನ ಮತ್ತು ವೀರೇಶ. ನಮ್ಮವರು ಮಫ್ಲರು ಸುತ್ತಿಕೊಂಡು, ಊರುಗೋಲು ಊರುತ್ತಾ ಆಗಲೇ ಕಲ್ಲಿನ ಕಡೆ ಹೋಗಿದ್ದರು.

ಫೈಜಾನ ಒಲೆಯ ಮುಂದೆ ಕೂತು ಕೈ ಕಾಸಿಕೊಂಡ. ಚಳಿಗೆ ಅವನ ಬೆರಳಿನ ಸಂದುಗಳೆಲ್ಲ ಒಡೆದು ರಕ್ತ ಒಸರುತ್ತಿತ್ತು. ಸಮ್ರೀನ ಹಚ್ಚಿ ಕಳಿಸಿದ ಕೊಬ್ಬರಿ ಎಣ್ಣೆ ಬೆರಳ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಇವತ್ತೊಂದು ದಿನ ಒಣ ಅರಬೀಲೆ ಒರಸಿ ಹೋಗೋ. ಸತ್ತ ಹೋಗತಾರೇನು ನಿನ್ನ ಗೆಸ್ಟು?" ಅಂದೆ.

"ಪುಣೇದವರು ಮುಮಾನಿ. ಹೊಸಾ ಜೋಡಿ. ಬಿಳಿ ಬಟ್ಟಿ ಹಾಕ್ಕೊಂಡು ಕಾರಿನ ಮುಂದ ಫೋಟೋ ತಗಸ್ಕೋತಾರಂತ. ಕಾರು ಬಟ್ಟಿಕಿಂತ ಬೆಳ್ಳಗಿರಬೇಕು ಅಂತ ಮಾಲೀಕರು ಹೇಳ್ಯಾರ."

"ಅವರ ಫೋಟೋಕ್ಕ ಬೆಂಕಿ ಹಾಕ."

ಅವನು ನಕ್ಕ. ಲೋಟ ತೊಳೆದು ಬೋರಲು ಹಾಕಿದ. ಪ್ಯಾಂಟು ಮೊಣಕಾಲ ಮೇಲಕ್ಕೆ ಮಡಚಿ ಮಂಜಿನೊಳಗೆ ಇಳಿದ. ಸ್ವಲ್ಪ ಹೊತ್ತಿಗೆ ಬಕೀಟಿನ ಸದ್ದು, ಅರಿವೆ ತಿಕ್ಕುವ ಸದ್ದು, ಚಳಿಗೆ ವೀರೇಶ "ಶಿವಾ ಶಿವಾ" ಅನ್ನುವ ಸದ್ದು ಕೇಳಿಸತೊಡಗಿತು. ಅಲ್ಲಿಂದ ಮುಂದೆ ನಾನು ಏನನ್ನೂ ಕಣ್ಣಿಂದ ನೋಡಲಿಲ್ಲ. ಕೇಳಿಸಿಕೊಂಡೆ ಅಷ್ಟೇ.

ಮೊದಲು ಕೇಳಿದ್ದು ಫೈಜಾನನ ದನಿ. "ವೀರೇಶಾ, ನನ್ನ ಕೋಲು ಕಾಣವಲ್ದಲ್ಲೋ."

"ಯಾವ ಕೋಲೋ? ಈ ಮಂಜಿನ್ಯಾಗ ನನಗ ನನ್ನ ಕಾರ ಕಾಣವಲ್ದು."

ನನ್ನ ಕೈ ಊದುಗೊಳವೆಯ ಮೇಲೆ ನಿಂತಿತು. ಫೈಜಾನ ದನಿ ಸ್ವಲ್ಪ ಎತ್ತಿ, ದಿನದಂತೆಯೇ ಕೇಳಿದ. "ಮಾಮು, ನೀರು ಬಂತೇನ್ರಿ?"

ಮೇಲಿನಿಂದ ನಮ್ಮವರ ದನಿ ಬಂತು. "ಇಲ್ಲೋ, ಇನ್ನೂ ಬಂದಿಲ್ಲ. ಆರಾಮ ತೊಳೀರಿ."

"ಚಾಚಾ ಕುಂತಾರಲ್ಲೋ," ಅಂದ ವೀರೇಶ. "ಸುಮ್ನ ತಿಕ್ಕು."

ಅರಿವೆಯ ಸದ್ದು ಮತ್ತೆ ಶುರುವಾಗಲಿಲ್ಲ. ಆ ಮಂಜಿನಲ್ಲಿ ಅವನು ನಿಂತು ಏನು ಮಾಡುತ್ತಿದ್ದನೆಂದು ನನಗೆ ಗೊತ್ತು. ನೀರು ಎಲ್ಲಿಗೆ ಬಂದಿದೆ ಎಂದು ತನ್ನ ಕಾಲನ್ನೇ ಕೇಳುತ್ತಿದ್ದ. ಆ ಚಳಿಗೆ ಅವನ ಕಾಲೂ ಮರಗಟ್ಟಿತ್ತು, ಅದೂ ಏನೂ ಹೇಳಲಿಲ್ಲ. ಮಾಮುವಿನ ಕಾಲು ಸತ್ತಿದೆ, ಓಡೋಣ ಬಾ ಎಂದು ವೀರೇಶನಿಗೆ ಕೂಗಿ ಹೇಳಬಹುದಿತ್ತು. ಕೂಗಿದರೆ ಕಲ್ಲಿನವರೆಗೂ ಕೇಳುತ್ತಿತ್ತಲ್ಲ. ಅವನು ಕೂಗಲಿಲ್ಲ. ಇನ್ನೊಂದು ಸಲ ಅಷ್ಟೇ ಮೆತ್ತಗೆ ಕೇಳಿದ.

"ಮಾಮು, ಒಂಚೂರು ಬಗ್ಗಿ ನೋಡ್ರಿ."

"ಕಾಲು ನೀರಾಗ ಐತೆಲ್ಲೋ, ಬಗ್ಗಿ ಏನು ನೋಡೂದು?"

ನಾನು ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ. "ಫೈಜಾನಾ, ಹೊರಗ ಬಾ! ವೀರೇಶಾ, ಕಾರು ತಗೀರಿ! ಹೊರಗ ಬರ್ರೋ!"

"ಚಾಚಿ ಶುರು ಮಾಡಿದ್ರು ನೋಡು," ಎಂದ ವೀರೇಶ. ಅವನ ಮಾತು ಮುಗಿಯುವಷ್ಟರಲ್ಲಿ ನೀರು ಕಾರಿನ ಬಾಗಿಲಿಗೆ ಬಡಿಯುವ ಸದ್ದು ಬಂತು.

ಉಳಿದದ್ದು ವೀರೇಶ ಹೇಳಿದ್ದು. ಅವನ ಕಾರು ದಂಡೆಗೆ ಹತ್ತಿರವಿತ್ತು, ಒಂದೇ ಏಟಿಗೆ ಹತ್ತಿತು. ಫೈಜಾನನ ಕಾರು ಚಾಲೂ ಆಗಲಿಲ್ಲ. ಅವನು ಇಳಿದಾಗ ನೀರು ಸೊಂಟಕ್ಕಿತ್ತು. ದಂಡೆ ಅಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು. ಅವನು ದಂಡೆಯ ಕಡೆ ಬರಲಿಲ್ಲ. ಮೇಲೆ, ಕಲ್ಲಿನ ಕಡೆ ಹೋದ. ನಮ್ಮವರು ಇನ್ನೂ ಕೂತೇ ಇದ್ದರಂತೆ. ಲುಂಗಿ ತೊಡೆಯವರೆಗೆ ತೊಯ್ದ ಮೇಲೆಯೇ ಅವರಿಗೆ ಗೊತ್ತಾಯಿತು. ಆಗ ಏಳಲು ಹೋಗಿ ಜಾರಿದರು. ವೀರೇಶ ಅವರ ದನಿ ಹಿಡಿದು ಕಲ್ಲಿನ ಹತ್ತಿರಕ್ಕೆ ಓಡಿ, ಕಾರು ಎಳೆಯುವ ಹಗ್ಗ ಒಗೆದ. ಫೈಜಾನ ಅದನ್ನು ಹಿಡಿದು ತನ್ನ ಸೊಂಟಕ್ಕಲ್ಲ, ಮಾಮುವಿನ ಸೊಂಟಕ್ಕೆ ಸುತ್ತಿದ. ಬೆರಳು ಮರಗಟ್ಟಿ ಗಂಟು ಹಾಕಲು ಬಾರದೆ ಹಲ್ಲಿನಿಂದ ಕಚ್ಚಿ ಎಳೆದನಂತೆ. ವೀರೇಶ ಎಳೆದು ಒಬ್ಬರನ್ನು ದಂಡೆಗೆ ತಂದ. ತಿರುಗಿ ನೋಡಿದರೆ ಇನ್ನೊಬ್ಬ ಇರಲಿಲ್ಲ.

ಬಿಳಿ ಕಾರು ತಿರುವಿನಾಚೆ ಬಂಡೆಗೆ ಸಿಕ್ಕು ನಿಂತಿತ್ತು. ನೀರು ಇಳಿದ ಮೇಲೆ ಜನ ಹೋಗಿ ನೋಡಿದರು. ಚೆನ್ನಾಗಿ ತೊಳೆದಂತೆ ಬೆಳ್ಳಗಿತ್ತಂತೆ.

ಫೈಜಾನ ಮರುದಿನ ಕೆಳಗಿನ ಮಡುವಿನಲ್ಲಿ ಬೇರುಗಳ ನಡುವೆ ಸಿಕ್ಕ. ಪೊಲೀಸರು, ಪಂಚನಾಮೆ, ದವಾಖಾನೆ ಎಲ್ಲ ಮುಗಿದು ಅವನು ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಚಳಿ ಹೆಚ್ಚಾದ ದಿನ ಊರೂರಿನವರೆಲ್ಲ ಒಮ್ಮೆಗೇ ಗೀಜರು ಹಚ್ಚುತ್ತಾರೆ, ಕರೆಂಟು ಸಾಲದೆ ನೀರು ಬೇಗ ಬಿಟ್ಟಿರಬೇಕು ಎಂದು ಯಾರೋ ಅಂಗಳದಲ್ಲಿ ಹೇಳುತ್ತಿದ್ದರು. ನಿಜವೋ ಸುಳ್ಳೋ. ಎಲ್ಲೋ ಯಾರದೋ ಬಚ್ಚಲಲ್ಲಿ ನೀರು ಬಿಸಿಯಾಗಲೆಂದು ನನ್ನ ಮಗಳ ಬಾಳು ತಣ್ಣಗಾಯಿತು.

ನಮ್ಮವರು ಅಂಗಳದ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಬಂದವರಿಗೆಲ್ಲ ಒಂದೇ ಮಾತು.

"ನೀರು ಮೋಸ ಮಾಡಿತ್ರಿ. ಇಷ್ಟು ವರ್ಷದಾಗ ಹಿಂಗ ಆಗಿದ್ದಿಲ್ಲ. ಮುಂಚೆ ತಣ್ಣನ್ನ ಎಳಿ ಬರತೈತಿ, ಈ ಸಲ ಬರಲೇ ಇಲ್ಲ. ಬಂದಿದ್ರ ನನ್ನ ಕಾಲಿಗೆ ತಿಳೀತಿದ್ದಿಲ್ಲೇನು?"

"ಹೌದ್ರಿ ಚಾಚಾ," ಅನ್ನುತ್ತಿದ್ದರು ಡ್ರೈವರುಗಳು. "ನೀರಿಂದ ತಪ್ಪು. ನೀವೇನು ಮಾಡ್ತೀರಿ?" ವೀರೇಶ ಮಾತ್ರ ಗೋಡೆಗೆ ಒರಗಿ ನನ್ನ ಕಡೆ ನೋಡಿದ. ಅವನ ಹಣೆಯ ಮೇಲೆ ಅಂದು ವಿಭೂತಿ ಇರಲಿಲ್ಲ. ಅವನಿಗೆ ನನ್ನ ಮಾತು ನೆನಪಾಗಿತ್ತು.

ನಮ್ಮವರು ಆ ಮಾತು ಮತ್ತೆ ಹೇಳಿದಾಗ ನನ್ನ ನೆತ್ತಿಗೆ ಬೆಂಕಿ ಹತ್ತಿತು. ಏಳಬೇಕು, ಎಲ್ಲರ ಮುಂದೆ ಆ ಕಂಬಳಿ ಎಳೆದು ಹಿಮ್ಮಡಿಯ ಇನ್ನೂ ಮಾಯದ ಸುಟ್ಟ ಗಾಯ ತೋರಿಸಬೇಕು ಅನ್ನಿಸಿತು. ಸಮ್ರೀನ ನನ್ನ ಸೆರಗು ಹಿಡಿದಳು. ಅತ್ತು ಅತ್ತು ಅವಳ ದನಿ ಹೋಗಿತ್ತು.

"ಬ್ಯಾಡ ಅಮ್ಮಿ. ಅಬ್ಬಾಗ ತಿಳಿಯಬಾರದು ಅಂತ ಅವರು ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ. ಅವರ ಮಾತು ಉಳಿಸ್ರಿ."

ಗಂಡನನ್ನು ಕಳೆದುಕೊಂಡವಳೇ ಬಾಯಿ ಮುಚ್ಚಿಕೊಂಡಿರುವಾಗ ನಾನು ಯಾವ ಬಾಯಿಂದ ಮಾತಾಡಲಿ? ಕೂತೆ.

ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸುವ ಹೊತ್ತಾಯಿತು. ಡ್ರೈವರುಗಳು ತಮ್ಮ ಕಾರಿನ ಕವರುಗಳನ್ನು ತಂದು ಅಂಗಳದಲ್ಲಿ ಹಗ್ಗಕ್ಕೆ ಕಟ್ಟಿ ಮರೆ ಮಾಡಿದರು. ಗಂಡಸರು ಒಳಗೆ, ನಾವು ಹೆಂಗಸರು ಹೊರಗೆ. ಬೋರೆ ಗಿಡದ ಎಲೆ ಹಾಕಿ ನೀರು ಕಾಯಿಸುವುದು ನಮ್ಮ ಕೆಲಸ. ಹಂಡೆಯ ಮುಂದೆ ಕೂತು ನಾನು ಬೆಂಕಿ ದೂಡಿದೆ. ಇಷ್ಟು ದಿನ ಚಳಿಯಲ್ಲಿ ನಿಂತವನಿಗೆ ಇಂದಾದರೂ ಬಿಸಿನೀರು ಸಿಗಲಿ ಎಂದು ಕಟ್ಟಿಗೆಯ ಮೇಲೆ ಕಟ್ಟಿಗೆ ಒಟ್ಟಿದೆ. ನೀರು ಕೊತಕೊತ ಕುದಿಯಿತು. ತಣ್ಣೀರಿನ ಬಕೀಟು ಒಳಗೇ ಇತ್ತು, ಅವರು ಹದ ಮಾಡಿಕೊಳ್ಳುತ್ತಾರೆ.

ಒಳಗೆ ನಮ್ಮವರು ತಾವೇ ಸ್ನಾನ ಮಾಡಿಸುತ್ತೇನೆಂದು ಹಟ ಹಿಡಿದಿದ್ದರು. "ನನ್ನ ತಂಗಿ ಮಗಾ. ನನ್ನ ಜೀವ ಉಳಿಸಿದಾಂವ. ನಾನ ನೀರು ಹಾಕತೇನಿ," ಎನ್ನುತ್ತಿದ್ದರು. ಹಿರಿಯರು ಒಪ್ಪಿದರು. ಹಳಿಯಾಳದಿಂದ ಓಡಿಬಂದಿದ್ದ ಸಾಬೀರ ಮರೆಯ ಸಂದಿಯಿಂದ ಕೈ ಚಾಚಿದ. ಕುದಿಯುವ ನೀರಿನ ಪಾತೇಲಿಯನ್ನು ಅರಿವೆಯಲ್ಲಿ ಹಿಡಿದು ಅವನ ಕೈಗೆ ಕೊಟ್ಟೆ.

ಕವರುಗಳು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕೆಳಗೆ ಒಂದು ಗೇಣು ಸಂದಿಯಿತ್ತು. ಅಲ್ಲಿಂದ ಒಳಗೆ ನಿಂತವರ ಪಾದಗಳು ಕಾಣುತ್ತಿದ್ದವು. ಸಾಬೀರನ ಎಳೆಯ ಪಾದ, ಮೌಲಾನಾರ ಬಿಳಿಯ ಪಾದ, ಮತ್ತಿಬ್ಬರದು. ನಡುವೆ ನನ್ನ ಗಂಡನ ಪಾದ, ಹಿಮ್ಮಡಿಗೆ ನಾನೇ ಕಟ್ಟಿದ ಪಟ್ಟಿ.

ಸಾಬೀರನ ಕೈಯಲ್ಲಿ ಅರಿವೆ ಜಾರಿತು. ಪಾತೇಲಿ ಕೆಳಗೆ ಬಿತ್ತು. ಕುದಿಯುವ ನೀರು ಹೊಗೆಯಾಡುತ್ತಾ ಹಾಸುಗಲ್ಲಿನ ಮೇಲೆ ಹರಡಿತು. "ಹಾಯ್ ಅಲ್ಲಾ!" ಎಂದು ಯಾರೋ ಚೀರಿದರು. ಪಾದಗಳೆಲ್ಲ ಹಾರಿ ಹಿಂದಕ್ಕೆ ಹೋದವು. ಎರಡು ಪಾದ ಮಾತ್ರ ನಿಂತಲ್ಲೇ ನಿಂತಿದ್ದವು. ಅವುಗಳ ಸುತ್ತ ಹಬೆ ಏಳುತ್ತಿತ್ತು.

"ಯಾಕ?" ಎಂದರು ನಮ್ಮವರು. "ಯಾಕ ಎಲ್ಲಾರೂ ಹಿಂದ ಸರದ್ರಿ?"

ಸಾಬೀರ ಅಳು ತಡೆದುಕೊಂಡು, "ಏನಿಲ್ರಿ ಮಾಮು. ನೀವು ಈ ಕಡೆ ಬರ್ರಿ," ಅಂದ. ಆ ಪಾದಗಳು ಕದಲಲಿಲ್ಲ. ಸಂದಿಯಲ್ಲಿ ಅವರ ಕೈ ಕೆಳಗೆ ಬಂತು. ಬೆರಳುಗಳು ತಮ್ಮದೇ ಪಾದದ ಮೇಲಿನ ನೀರನ್ನು ಮುಟ್ಟಿದವು. ಕೈ ಚುರ್ ಎಂದು ಹಿಂದಕ್ಕೆ ಹಾರಿತು. ಪಾದ ಅಲ್ಲೇ ಇತ್ತು. ಕೈ ಮತ್ತೊಮ್ಮೆ ಕೆಳಗೆ ಬಂದು ಮುಟ್ಟಿತು, ಮತ್ತೆ ಹಾರಿತು.

ಒಲೆಯಲ್ಲಿ ಕಟ್ಟಿಗೆ ಸಿಡಿಯುವುದು ಕೇಳುತ್ತಿತ್ತು.

"ಇಮಾಮ," ಎಂದು ಮರೆಯ ಆಚೆಯಿಂದ ಕರೆದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಫೈಜಾನಗ ಗೊತ್ತಿತ್ತೇನ?"

ಸಮ್ರೀನ ಬೇಡವೆಂದು ತಲೆ ಅಲ್ಲಾಡಿಸುತ್ತಾ ನನ್ನ ಮೊಣಕೈ ಹಿಡಿದಳು. ಇದ್ದಕ್ಕೂ ಇಲ್ಲದ್ದಕ್ಕೂ ಜವಾಬು ಇಟ್ಟುಕೊಂಡು ಬದುಕಿದವಳು ನಾನು. ಇಲ್ಲ ಅಂದುಬಿಡಬಹುದಿತ್ತು. ಆದರೆ ಮರ್ಯಾದೆ ಮರ್ಯಾದೆ ಎಂದು ಎಲ್ಲರೂ ಸುಮ್ಮನಿದ್ದು ಸುಮ್ಮನಿದ್ದು ನನ್ನ ಹುಡುಗ ಒಳಗೆ ಹಲಗೆಯ ಮೇಲೆ ಮಲಗಿದ್ದ.

"ಗೊತ್ತಿತ್ರಿ," ಅಂದೆ. "ನಿಮಗ ತಿಳಿಯಬಾರದು ಅಂತ ಕೋಲು ನೆಟ್ಟಿದ್ದ."

ಆಮೇಲೆ ಮಗ್ಗಿನಲ್ಲಿ ನೀರು ತುಂಬುವ ಸದ್ದು, ಮೆಲ್ಲಗೆ ಸುರಿಯುವ ಸದ್ದು ಬಂತು. "ಬಿಸಿ ಆತೇನೋ ಸಾಬೀರ, ನೀನ ಮುಟ್ಟಿ ನೋಡಪ್ಪ," ಎನ್ನುತ್ತಿದ್ದರು ನಮ್ಮವರು. ಪಟ್ಟಿ ಕಟ್ಟಿದ ಆ ಪಾದ ಇನ್ನೂ ಬಿಸಿ ನೀರಿನಲ್ಲೇ ಇತ್ತು.